ಗರಗರ

ಅಪ್ಪನ ರೇಡಿಯೋ ಕೆಟ್ಟಿದ್ದು 2020ರ ಜೂನ್ ತಿಂಗಳಲ್ಲಿ. ನಾನು ಬೆಂಗಳೂರಿನ ಬಾಡಿಗೆ ಮನೆಗೆ ಬೀಗ ಹಾಕಿ, ಲ್ಯಾಪ್‌ಟಾಪ್ ಹೆಗಲಿಗೇರಿಸಿಕೊಂಡು ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆ ಬಂದು ಆಗ ಮೂರು ವಾರ ಆಗಿತ್ತು. ಆಫೀಸು ಮನೆಯಿಂದಲೇ. ಮನೆಗೆ ಇಂಟರ್‌ನೆಟ್ ತರಿಸಲು ಪಟ್ಟ ಪಾಡು ಬೇರೆಯೇ ಕಥೆ. ಕೇಬಲ್ಲಿನ ಹುಡುಗರು ತೋಟದಲ್ಲಿ ಅಡಿಕೆ ಮರದಿಂದ ಮರಕ್ಕೆ ವಯರು ಎಳೆದು, ಜಗಲಿ ಕಿಟಕಿಯ ಸಂದಿಯಲ್ಲಿ ಒಳಗೆ ತೂರಿಸಿ, "ಇಷ್ಟೇ ಸಾರ್, ಮುಂದಕ್ಕೆ ಬರಲ್ಲ" ಅಂದು ಹೋಗಿದ್ದರು. ಹಾಗಾಗಿ ಜಗಲಿಯ ಆ ಮೂಲೆಯೇ ನನ್ನ ಆಫೀಸಾಯಿತು. ಒಂದು ಮೇಜು, ಒಂದು ಪ್ಲಾಸ್ಟಿಕ್ ಕುರ್ಚಿ, ಮಳೆಗಾಲದಲ್ಲಿ ಕರೆಂಟು ಹೋಗುವುದು ಗೊತ್ತೇ ಇದೆಯಲ್ಲ ಅಂತ ಶಿವಮೊಗ್ಗದಿಂದ ತರಿಸಿಕೊಂಡ ಒಂದು ಯುಪಿಎಸ್.

ಒಂದು ಬೆಳಿಗ್ಗೆ ನಾನು ಮೀಟಿಂಗಿನಲ್ಲಿದ್ದಾಗ ಅಪ್ಪ ಬಂದು ಎದುರು ನಿಂತರು. ಕೈಯಲ್ಲಿ ರೇಡಿಯೋ.

"ಇದು ಎಂತಕ್ಕೋ ಗರಗರ ಅಂತಾ ಇದೆ. ಸ್ಟೇಷನ್ನೇ ಸಿಗಲ್ಲ."

"ಸಿಡಿಲಿಂದು ಇರಬೇಕು ಅಪ್ಪಾ, ಮಳೆ ಹಿಡಿದಿದೆ" ಅಂದೆ, ಮೈಕು ಮ್ಯೂಟ್ ಮಾಡಿಕೊಂಡು.

"ಸಿಡಿಲಿಂದು ಟಪ್ ಟಪ್ ಅಂತ ಬಿಟ್ಟು ಬಿಟ್ಟು ಬರ್ತದೆ. ಇದು ಒಂದೇ ಸಮ ಗರ್ ಅಂತದೆ. ನಂಗೆ ಗೊತ್ತಾಗಲ್ವಾ?"

ಅವರಿಗೆ ಗೊತ್ತಾಗುತ್ತದೆ, ನಿಜ. ಮೀಡಿಯಂ ವೇವ್ ರೇಡಿಯೋದಲ್ಲಿ ದೂರದ ಸಿಡಿಲೂ ಕೇಳಿಸುತ್ತದೆ. ಆಕಾಶ ನೀಲಿಯಾಗಿದ್ದಾಗಲೇ ರೇಡಿಯೋದ ಟಪ್ ಟಪ್ ಕೇಳಿ, "ಇನ್ನೊಂದು ತಾಸಿಗೆ ಮಳೆ ಬರ್ತದೆ, ಹಾಸಿದ ಅಡಿಕೆ ಎತ್ತಿ" ಅಂತ ಅಪ್ಪ ಹೇಳುತ್ತಿದ್ದುದು ನನಗೆ ಚಿಕ್ಕಂದಿನಿಂದ ನೆನಪಿದೆ. ಹತ್ತರಲ್ಲಿ ಏಳು ಸಲ ಸರಿಯಾಗುತ್ತಿತ್ತು. ಅಂಥ ಕಿವಿ ಹೇಳಿದ ಮಾತನ್ನು ನಾನು ಅವತ್ತು ಅರ್ಧಕ್ಕೇ ಕೇಳಿಸಿಕೊಂಡೆ. "ಇಟ್ಟಿರಿ, ಭಾನುವಾರ ಬಿಚ್ಚಿ ನೋಡ್ತೀನಿ" ಅಂದೆ.

ಅಡುಗೆ ಮನೆಯಿಂದ ಅಮ್ಮನ ದನಿ ಬಂತು. "ಬಿಚ್ಚಿದ್ದು ಮತ್ತೆ ಕೂಡ್ತದೆ ಅಂತಾದ್ರೆ ಮಾತ್ರ ಬಿಚ್ಚು."

ಅಮ್ಮನಿಗೆ ಕಾರಣ ಇತ್ತು. 2017ರಲ್ಲಿ ನಾನು ನನ್ನ ಫೋನಿನ ಬ್ಯಾಟರಿ ನಾನೇ ಬದಲಾಯಿಸುತ್ತೇನೆ ಅಂತ ಹೊರಟಿದ್ದೆ. ಹಿಂದಿನ ಗಾಜಿಗೆ ಅಂಟು ಹಾಕಿರುತ್ತಾರೆ, ಬಿಸಿ ಮಾಡಿದರೆ ಬಿಡುತ್ತದೆ ಅಂತ ಓದಿದ್ದೆ. ಹೇರ್ ಡ್ರೈಯರ್ ಹಿಡಿದೆ. ಹಳೇ ಎಟಿಎಂ ಕಾರ್ಡು ತೂರಿಸಿದೆ. ಅಂಟು ಬಿಟ್ಟಿತು. ಬಿಟ್ಟ ಖುಷಿಯಲ್ಲಿ ಸ್ವಲ್ಪ ಜಾಸ್ತಿಯೇ ಎತ್ತಿದೆ. ಒಳಗೆ ಬೆರಳಚ್ಚಿನ ಬಟನ್ನಿಗೆ ಹೋಗುವ ಅಕ್ಕಿ ಕಾಳಿನಗಲದ ರಿಬ್ಬನ್ ಒಂದು ಇತ್ತು. ಇತ್ತು ಅಂತ ಗೊತ್ತಾಗಿದ್ದು ಅದು ಹರಿದ ಮೇಲೆ. ಅಂಥ ರಿಬ್ಬನ್ ಎಲ್ಲಿದೆ ಅಂತ ಮೊದಲೇ ಫೋಟೋ ಸಮೇತ ತೋರಿಸುವ ಪುಣ್ಯಾತ್ಮರೂ ಇದ್ದಾರೆ. ರಿಪೇರಿ ಹೇಳಿಕೊಡುವ ಐಫಿಕ್ಸಿಟ್ ಅನ್ನುವ ವೆಬ್‌ಸೈಟ್ ಶುರುವಾಗಿದ್ದೇ ಹಾಗೆ. 2003ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಕಾಲೇಜು ಹುಡುಗರು ತಮ್ಮ ಹಳೇ ಐಬುಕ್ (ಆಪಲ್ ಕಂಪನಿಯ ಲ್ಯಾಪ್‌ಟಾಪ್) ರಿಪೇರಿಗೆ ಕೂತರೆ ಬಿಚ್ಚುವ ವಿಧಾನ ಹೇಳುವವರೇ ಇರಲಿಲ್ಲ. ತಾವೇ ಬಿಚ್ಚಿ, ತಾವೇ ಬರೆದಿಟ್ಟರು. ನಾನು ಅದನ್ನು ಓದಿದ್ದು ರಿಬ್ಬನ್ ಹರಿದ ದಿನ ರಾತ್ರಿ. ನಮ್ಮಲ್ಲಿ ಯಾವಾಗಲೂ ಹಾಗೇ ಅಲ್ವಾ.

ರೇಡಿಯೋ ಬಗ್ಗೆ ಹೇಳಬೇಕು. ಇದು ಮೀಡಿಯಂ ವೇವ್, ಶಾರ್ಟ್ ವೇವ್ ಅಂತ ಎರಡು ಬ್ಯಾಂಡಿನ ಟ್ರಾನ್ಸಿಸ್ಟರ್. ಟ್ರಾನ್ಸಿಸ್ಟರ್ ಅನ್ನುವುದು ಒಳಗಿರುವ ಮೂರು ಕಾಲಿನ ಪುಟ್ಟ ಬಿಡಿಭಾಗದ ಹೆಸರು. ಅಮೆರಿಕದ ಬೆಲ್ ಲ್ಯಾಬ್‌ನಲ್ಲಿ 1947ರ ಡಿಸೆಂಬರ್‌ನಲ್ಲಿ ಅದು ಮೊದಲು ಕೆಲಸ ಮಾಡಿತು. 1954ರಲ್ಲಿ ಅದನ್ನು ಹಾಕಿದ ಜೇಬಿನ ರೇಡಿಯೋ ಅಂಗಡಿಗೆ ಬಂತು. ನಮ್ಮೂರಿಗೆ ಬರುವ ಹೊತ್ತಿಗೆ ಇಡೀ ಪೆಟ್ಟಿಗೆಗೇ ಟ್ರಾನ್ಸಿಸ್ಟರ್ ಅಂತ ಹೆಸರು ಬಿದ್ದಿತ್ತು. ಅಪ್ಪನದಕ್ಕೆ ನಾಲ್ಕು ದೊಡ್ಡ ಸೆಲ್ಲು, ಒಟ್ಟು ಆರು ವೋಲ್ಟ್. ಚರ್ಮದ ಕವರು ಯಾವತ್ತೋ ಇಲಿ ಪಾಲಾಗಿದೆ. ಮುಂದೆ ಇದ್ದ ಕಂಪನಿ ಹೆಸರಿನಲ್ಲಿ ಎರಡು ಅಕ್ಷರ ಉದುರಿವೆ. ಅದರ ಜಾಗ ಜಗಲಿಯ ಕಿಟಕಿ ಕಟ್ಟೆ. ಅಲ್ಲೂ ನೆಟ್ಟಗೆ ಇಡುವುದಿಲ್ಲ. ಓರೆಯಾಗಿ, ಒಂದು ಮೂಲೆ ಕಟ್ಟೆಯಿಂದ ಹೊರಗೆ ಬರುವ ಹಾಗೆ ಇಡುತ್ತಾರೆ. ಅಮ್ಮ ಗುಡಿಸಿ ಒರೆಸುವಾಗ, ಬಿದ್ದೀತು ಅಂತ ನೆಟ್ಟಗೆ ತಳ್ಳುತ್ತಾರೆ. ಅಪ್ಪ ಬಂದು ಗೊಣಗುತ್ತಾ ಮತ್ತೆ ಓರೆ ಮಾಡುತ್ತಾರೆ. ಇದು ನಲವತ್ತು ವರ್ಷದಿಂದ ನಡೆದಿರುವ ಜಗಳ.

ಭಾನುವಾರ ತಿಂಡಿ ಮುಗಿಸಿ ಹಳೇ ಪೇಪರ್ ಹಾಸಿಕೊಂಡು ಕೂತೆ. ಹಿಂದುಗಡೆ ನಾಲ್ಕು ಸ್ಕ್ರೂ. ಮೂರು ಕಾಣಿಸಿದವು, ನಾಲ್ಕನೆಯದು ಸೆಲ್ಲಿನ ಮನೆಯ ಒಳಗಿತ್ತು. ಮುಚ್ಚಳ ತೆಗೆದರೆ ಮೊದಲು ಕಂಡಿದ್ದು ಒಂದು ಕಾಗದ. ಮುಚ್ಚಳದ ಒಳಮೈಗೆ ಅಂಟಿಸಿದ, ಅಂಚು ಕಂದಾದ ಸರ್ಕಿಟ್ ಚಿತ್ರ. ಎಲ್ಲಿಂದ ಎಲ್ಲಿಗೆ ಯಾವ ವಯರು, ಯಾವ ರೆಸಿಸ್ಟರ್ ಎಷ್ಟು, ಎಲ್ಲಾ ಬರೆದಿದೆ. ಇದನ್ನು ಕೊಂಡವನು ಒಂದಲ್ಲ ಒಂದು ದಿನ ಬಿಚ್ಚುತ್ತಾನೆ, ಬಿಚ್ಚಿದವನಿಗೆ ದಾರಿ ತೋರಿಸಬೇಕು ಅಂತ ಆಗಿನ ಕಂಪನಿಯವರಿಗೆ ಅನಿಸಿತ್ತು. ಈಗ ಯುರೋಪಿನಲ್ಲಿ 2027ರ ಫೆಬ್ರವರಿಯಿಂದ ಇಂಥ ಕೈ ಸಾಮಾನುಗಳ ಬ್ಯಾಟರಿಯನ್ನು ಬಳಸುವವನೇ ತೆಗೆದು ಹಾಕುವ ಹಾಗೆ ಇರಬೇಕು ಅಂತ ಕಾನೂನು ಮಾಡಬೇಕಾಗಿ ಬಂದಿದೆ. ಅಪ್ಪನ ರೇಡಿಯೋದ ಸೆಲ್ಲು ತೆಗೆಯಲು ಒಂದು ಉಗುರು ಸಾಕು.

ಒಳಗೆ ಒಂದು ಜೇಡದ ಮೊಟ್ಟೆ ಚೀಲ, ಎರಡು ಸತ್ತ ಜಿರಲೆ. ಕಂದು ಬಣ್ಣದ ಬೋರ್ಡು. ಅದರ ನೆತ್ತಿಯ ಮೇಲೆ ಪೆನ್ಸಿಲ್ ದಪ್ಪದ ಒಂದು ಕಪ್ಪು ಕಡ್ಡಿ. ಅದಕ್ಕೆ ತಾಮ್ರದ ತಂತಿ ಸುತ್ತಿದೆ. ಅದು ಫೆರೈಟ್ ಕಡ್ಡಿ, ಮೀಡಿಯಂ ವೇವ್‌ಗೆ ಅದೇ ಆಂಟೆನಾ. ಮೇಲಕ್ಕೆ ಎಳೆಯುವ ಸ್ಟೀಲ್ ಏರಿಯಲ್ ಬರೀ ಶಾರ್ಟ್ ವೇವ್‌ಗೆ. ಕಾಮೆಂಟರಿ ಕೇಳುವಾಗ ಅದನ್ನು ಎಳೆದು ಎಳೆದು ಮುರಿದ ನಮ್ಮ ಚಿಕ್ಕಪ್ಪನಿಗೆ ಇದು ಗೊತ್ತಿರಲಿಲ್ಲ.

ಈ ಕಡ್ಡಿಗೆ ಒಂದು ಗುಣ ಇದೆ. ಅದರ ಉದ್ದದ ಮಗ್ಗುಲು ಸ್ಟೇಷನ್ ಕಡೆಗಿದ್ದರೆ ಚೆನ್ನಾಗಿ ಹಿಡಿಯುತ್ತದೆ. ತುದಿ ಸ್ಟೇಷನ್ ಕಡೆಗೆ ತಿರುಗಿದರೆ ಹೆಚ್ಚುಕಡಿಮೆ ಏನೂ ಹಿಡಿಯುವುದಿಲ್ಲ. ನಾನು ಎದ್ದು ಹೋಗಿ ಕಿಟಕಿ ನೋಡಿದೆ. ನಮ್ಮ ಜಗಲಿ ಕಿಟಕಿ ದಕ್ಷಿಣಕ್ಕಿದೆ. ಕಟ್ಟೆ ಪೂರ್ವ ಪಶ್ಚಿಮ. ಅಪ್ಪ ಕೇಳುವ ಆಕಾಶವಾಣಿ ಸ್ಟೇಷನ್ ಇರುವ ಭದ್ರಾವತಿ ನಮಗೆ ಪೂರ್ವಕ್ಕೆ, ಚೂರು ಉತ್ತರಕ್ಕೆ. ರೇಡಿಯೋ ನೆಟ್ಟಗಿಟ್ಟರೆ ಕಡ್ಡಿಯ ತುದಿ ಹೆಚ್ಚುಕಡಿಮೆ ಭದ್ರಾವತಿಗೇ ಮುಖ ಮಾಡುತ್ತದೆ! ಅಪ್ಪ ಇದನ್ನು ಯಾವ ಪುಸ್ತಕದಲ್ಲೂ ಓದಿಲ್ಲ. ತಿರುಗಿಸಿ ತಿರುಗಿಸಿ ಕಿವಿಯಲ್ಲೇ ಕಂಡುಕೊಂಡಿದ್ದಾರೆ. ಅಮ್ಮನನ್ನು ಕರೆದು ಕಡ್ಡಿ ತೋರಿಸಿ ಎಲ್ಲಾ ವಿವರಿಸಿದೆ. "ಹೌದಾ, ಹಾಗಾದ್ರೆ ಕಟ್ಟೆ ಅಗಲ ಮಾಡಿಸಿ" ಅಂದು ಒಳಗೆ ಹೋದರು.

ಸೆಲ್ಲಿನ ಮನೆಯ ಸ್ಪ್ರಿಂಗುಗಳಿಗೆ ಹಸಿರು ಬಿಳಿ ಪುಡಿ ಹಿಡಿದಿತ್ತು. ಸಿಕ್ಕಿತು ರೋಗ ಅಂದುಕೊಂಡೆ. ಯಾವುದೋ ವಿಡಿಯೋದಲ್ಲಿ ನೋಡಿದ ನೆನಪಿನಿಂದ ಅರ್ಧ ಲಿಂಬೆಹಣ್ಣು ತಂದು ತಿಕ್ಕಿದೆ. ಆಮೇಲೆ ಗೊತ್ತಾಯಿತು, ಲಿಂಬೆ ರಸ ಆಲ್ಕಲೈನ್ ಸೆಲ್ಲು ಸೋರಿದಾಗ ಹಾಕುವುದು. ಅದು ಕ್ಷಾರ, ಹಾಗಾಗಿ ಹುಳಿ ಬೇಕು. ನಮ್ಮ ಅಂಗಡಿಗಳಲ್ಲಿ ಸಿಗುವ ಮಾಮೂಲಿ ದೊಡ್ಡ ಸೆಲ್ಲು ಸೋರಿದರೆ ಬರುವುದೇ ಹುಳಿ. ಅದಕ್ಕೆ ಅಡುಗೆ ಸೋಡಾ ಹಾಕಬೇಕು. ನಾನು ಹುಳಿಯ ಮೇಲೆ ಹುಳಿ ಹಿಂಡಿದ್ದೆ. ಕೊನೆಗೆ ಎಲ್ಲಾ ಒರೆಸಿ, ಉಪ್ಪು ಕಾಗದ ಹಾಕಿ ಉಜ್ಜಿ, ಸ್ಪ್ರಿಂಗು ಫಳಫಳ ಅನ್ನುವ ಹಾಗೆ ಮಾಡಿದೆ. ವಾಲ್ಯೂಮ್ ಗುಂಡಿ ತಿರುಗಿಸಿದಾಗ ಕರಕರ ಅನ್ನುತ್ತಿತ್ತು. ಅದರೊಳಗೆ ಕಾರ್ಬನ್ ಪಟ್ಟಿ ಇರುತ್ತದೆ, ಧೂಳು ಕೂತರೆ ಹಾಗೆ ಸದ್ದು ಮಾಡುತ್ತದೆ. ಲಾಕ್‌ಡೌನಿನ ದಯೆಯಿಂದ ಮನೆ ತುಂಬಾ ಸ್ಯಾನಿಟೈಸರ್ ಇತ್ತಾದರೂ ಅದೆಲ್ಲ ಜೆಲ್ಲು. ಶಿವಮೊಗ್ಗದಲ್ಲಿರುವ ತಂಗಿಯ ಮನೆಯಿಂದ ನೀರಿನ ಹಾಗಿರುವ ಸ್ಪಿರಿಟ್ ತರಿಸಿ ಎರಡು ಹನಿ ಬಿಟ್ಟು, ಗುಂಡಿಯನ್ನು ಐವತ್ತು ಸಲ ಹಿಂದೆ ಮುಂದೆ ತಿರುಗಿಸಿದೆ. ಕರಕರ ಹೋಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ಈ ಬರಹ ಇಷ್ಟು ಉದ್ದ ಆಗುತ್ತಿರಲಿಲ್ಲ. ಬೋರ್ಡಿನ ಹಿಂಭಾಗದ ಧೂಳನ್ನೂ ಒರೆಸಿಬಿಡೋಣ ಅನಿಸಿತು. ಬೋರ್ಡು ಎತ್ತಿದೆ. ಎತ್ತುವಾಗ ಕೂದಲೆಳೆಯಂಥದ್ದೇನೋ ಒಂದು ಕಣ್ಣಂಚಿನಲ್ಲಿ ಅಲುಗಿದ ಹಾಗಾಯಿತು. ಅಷ್ಟೇ. ಎಲ್ಲಾ ಕೂಡಿಸಿ ಸೆಲ್ಲು ಹಾಕಿ ಆನ್ ಮಾಡಿದರೆ, ಗರಗರವೂ ಇಲ್ಲ, ಸ್ಟೇಷನ್ನೂ ಇಲ್ಲ. ದೂರದಲ್ಲಿ ಮಳೆ ಸುರಿದ ಹಾಗೆ ಬರೀ ಸುಂಯ್ ಅನ್ನುವ ಸದ್ದು.

ಅಪ್ಪ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದರು. "ಮೊದಲು ಗರಗರನಾದ್ರೂ ಬರ್ತಿತ್ತು" ಅಂದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಮರುದಿನ ತೀರ್ಥಹಳ್ಳಿಗೆ ಹೋದೆ. ಬಸ್‌ಸ್ಟ್ಯಾಂಡ್ ಹತ್ತಿರ ಒಬ್ಬರು ಹಳೇ ರಿಪೇರಿಯವರಿದ್ದಾರೆ. ಈಗ ಅಂಗಡಿ ತುಂಬಾ ಮೊಬೈಲ್ ಕವರು, ಚಾರ್ಜರು. ಆದರೆ ಒಳಗಿನ ಮೇಜಿನ ಮೇಲೆ ಇನ್ನೂ ಬೆಸುಗೆ ಹಾಕುವ ಐರನ್ ಇದೆ, ಬಿಸ್ಕೆಟ್ ಡಬ್ಬಿಯ ತುಂಬಾ ಬಿಡಿಭಾಗ ಇವೆ. ಮಾಸ್ಕು ಕೆಳಗೆ ಎಳೆದುಕೊಂಡು ರೇಡಿಯೋ ನೋಡಿದರು. ಮುಖದಲ್ಲಿ ನಗು ಬಂತು.

"ಎಂತ ಮಾರಾಯ್ರೆ, ಇನ್ನೂ ಇಟ್ಟಿದೀರಾ ಇದನ್ನ?"

ಕೆಳಗಿಟ್ಟವರು ಮೀಟರ್ ಹುಡುಕಲಿಲ್ಲ. ಒಂದು ಸಣ್ಣ ಸ್ಕ್ರೂಡ್ರೈವರ್ ತಗೊಂಡು, ಅದರ ಲೋಹಕ್ಕೆ ಬೆರಳು ತಾಗಿಸಿಕೊಂಡು, ವಾಲ್ಯೂಮ್ ಕಂಟ್ರೋಲಿನ ನಡುವಿನ ಕಾಲಿಗೆ ಮುಟ್ಟಿಸಿದರು. ಸ್ಪೀಕರ್ ಗುಂಯ್ ಅಂದಿತು.

"ಇಲ್ಲಿಂದ ಆಚೆಗೆ ಸರಿ ಇದೆ. ಇಲ್ಲಿಂದ ಈಚೆಗೆ ಹೋಗಿದೆ."

ಎಷ್ಟು ಸರಳ ನೋಡಿ. ನಮ್ಮ ಮೈಯೇ ಸುತ್ತಲಿನ ಕರೆಂಟಿನ ಗುಂಯ್ ಅನ್ನು ಹಿಡಿದಿರುತ್ತದೆ. ಅದನ್ನು ಬೆರಳಿನಿಂದ ರೇಡಿಯೋದ ಮಧ್ಯಕ್ಕೆ ಬಿಟ್ಟರೆ, ಮುಂದಿನ ಭಾಗ ಜೀವಂತ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ ತಪ್ಪಿರುವ ಜಾಗಕ್ಕೆ ಬಂದು ನಿಲ್ಲಬಹುದು. ನಾನು ಆಫೀಸಿನಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕುವುದೂ ಹೀಗೆಯೇ. ಮನೆಯಲ್ಲಿ ಮಾತ್ರ ಲಿಂಬೆಹಣ್ಣು ಹುಡುಕಿದ್ದೆ.

ಎರಡೇ ನಿಮಿಷದಲ್ಲಿ ಅವರು ಫೆರೈಟ್ ಕಡ್ಡಿಯಿಂದ ಬರುವ ಒಂದು ಎಳೆ ತೋರಿಸಿದರು. ಬೋರ್ಡಿನ ಹತ್ತಿರ ಕಡಿದುಹೋಗಿತ್ತು. ನಾನು ಬೋರ್ಡು ಎತ್ತುವಾಗ ಅಲುಗಿದ ಕೂದಲು ಅದೇ. "ಇದು ಒಂದು ತಂತಿ ಅಲ್ಲ, ಏಳು ತಂತಿ ಸೇರಿ ಒಂದು. ಒಂದೊಂದಕ್ಕೂ ಪ್ರತ್ಯೇಕವಾಗಿ, ಕರೆಂಟು ದಾಟದ ಹಾಗೆ ಬಣ್ಣ ಬಳಿದಿರ್ತಾರೆ. ಬಣ್ಣ ಹೋಗದೆ ಬೆಸುಗೆ ಹಿಡಿಯಲ್ಲ. ಬ್ಲೇಡ್ ಹಾಕಿ ಕೆರೆದರೆ ತಂತಿಯೇ ಹೋಗ್ತದೆ." ಹಾಗಾದರೆ ಏನು ಮಾಡುವುದು ಅಂದೆ. "ಆಸ್ಪಿರಿನ್ ಮಾತ್ರೆ ಇದ್ಯಾ ಮನೇಲಿ? ಮಾತ್ರೆ ಮೇಲೆ ತಂತಿ ತುದಿ ಇಟ್ಟು ಬಿಸಿ ಐರನ್ ಒತ್ತಿ. ಬಣ್ಣ ಸುಟ್ಟು ಬಿಡ್ತದೆ. ಹೊಗೆ ಮಾತ್ರ ತಗೊಳ್ಬೇಡಿ, ಗಂಟಲು ಹಿಡೀತದೆ."

ನೀವೇ ಮಾಡಿಕೊಡಿ ಅಂತ ನಾನು ಕೇಳಬಹುದಿತ್ತು. ಕೇಳಲಿಲ್ಲ. ಮುರಿದವನು ನಾನು, ನಾನೇ ಸರಿ ಮಾಡಬೇಕು ಅಂತ ಒಂದು ಹಟ. ಅವರಿಗೆ ಅದು ಅರ್ಥವಾಯಿತು ಅನಿಸುತ್ತದೆ. ಡಬ್ಬಿಯಿಂದ ಎರಡು ಕೆಪಾಸಿಟರ್ ತೆಗೆದು ಕಾಗದದಲ್ಲಿ ಸುತ್ತಿ ಕೊಟ್ಟರು. "ಇವೂ ಒಣಗಿರ್ತವೆ, ಬೇಕಾಗ್ತವೆ" ಅಂದರು. ದುಡ್ಡು ಕೇಳಿದ್ದು ಹತ್ತು ರೂಪಾಯಿ. ಹೊರಡುವಾಗ ಬೋರ್ಡಿನ ಮೇಲಿನ ಪುಟ್ಟ ಲೋಹದ ಡಬ್ಬಿಗಳನ್ನು ತೋರಿಸಿದರು. ಅವುಗಳ ತಲೆಯಲ್ಲಿ ಕೆಂಪು, ಹಳದಿ, ಬಿಳಿ, ಕಪ್ಪು ಬಣ್ಣದ ಸ್ಕ್ರೂ. "ಇವನ್ನ ಮಾತ್ರ ಮುಟ್ಬೇಡಿ. ಎಲ್ಲರೂ ಮುಟ್ತಾರೆ. ಮುಟ್ಟಿದ್ರೆ ನನ್ ಹತ್ರ ತರ್ಬೇಡಿ."

ಆ ಡಬ್ಬಿಗಳಲ್ಲೇ ರೇಡಿಯೋದ ಜಾಣತನ ಇರುವುದು. ಭದ್ರಾವತಿಯ ಸ್ಟೇಷನ್ 675 ಕಿಲೋಹರ್ಟ್ಸ್. ಅಪ್ಪ ಮುಳ್ಳನ್ನು ಅಲ್ಲಿಗೆ ತಂದಾಗ, ರೇಡಿಯೋ ಒಳಗೆ ತಾನೇ 1130ರ ಒಂದು ಅಲೆ ಹುಟ್ಟಿಸುತ್ತದೆ. ಎರಡನ್ನೂ ಬೆರೆಸಿದರೆ ಅವುಗಳ ವ್ಯತ್ಯಾಸ 455 ಸಿಗುತ್ತದೆ. ಧಾರವಾಡದ 765 ಹಾಕಿದರೆ ಒಳಗೆ 1220 ಹುಟ್ಟುತ್ತದೆ, ಮತ್ತೆ 455. ಯಾವ ಸ್ಟೇಷನ್ ಬಂದರೂ ಮೊದಲು 455 ಆಗಿ ಬದಲಾಗಬೇಕು. ಹಳದಿ, ಬಿಳಿ, ಕಪ್ಪು ಸ್ಕ್ರೂಗಳನ್ನು ಫ್ಯಾಕ್ಟರಿಯಲ್ಲಿ ಆ 455ಕ್ಕೆ ಕೂರಿಸಿರುತ್ತಾರೆ. ಕೆಂಪು, ಒಳಗಿನ ಅಲೆ ಹುಟ್ಟಿಸುವುದಕ್ಕೆ. ಎರಡು ರೇಡಿಯೋ ಪಕ್ಕಪಕ್ಕ ಇಟ್ಟು ಮುಳ್ಳು ತಿರುಗಿಸಿದರೆ ಒಂದು ಇನ್ನೊಂದರಲ್ಲಿ ಸಿಳ್ಳೆ ಹಾಕುವುದನ್ನು ಕೇಳಿರಬಹುದು. ಅದು ಈ ಒಳಗಿನ ಅಲೆಯದೇ ಕಿತಾಪತಿ. ಕೇಳುವ ಪೆಟ್ಟಿಗೆ ಸ್ವಲ್ಪ ಮಾತೂ ಆಡುತ್ತದೆ ಅಂತಾಯಿತು.

ಅಪ್ಪನಿಗೆ ಹಾರ್ಟಿಗೆ ಅಂತ ದಿನಕ್ಕೊಂದು ಆಸ್ಪಿರಿನ್ ಇದೆ, 75 ಮಿಲಿಗ್ರಾಮಿನದು. ಡಬ್ಬಿಯಿಂದ ಒಂದು ಮೆಲ್ಲನೆ ತೆಗೆದೆ. ಹಿತ್ತಲ ಕಟ್ಟೆಯ ಮೇಲೆ ಕೂತು, ಮಾತ್ರೆ ಒಡೆದು, ಏಳು ಎಳೆಯ ತುದಿಯನ್ನು ಅದರ ಮೇಲಿಟ್ಟು, 25 ವ್ಯಾಟಿನ ಐರನ್ ಒತ್ತಿದೆ. ಚೊಯ್ ಅಂತ ಮಾತ್ರೆ ಕರಗಿ, ಮೂಗು ಸುಡುವ ಹುಳಿ ಹೊಗೆ ಎದ್ದಿತು. ಹೊಗೆ ಆರಿದ ಮೇಲೆ ನೋಡಿದರೆ, ಅಷ್ಟುದ್ದ ಕೆಂಪಗಿದ್ದ ತುದಿ ಹೊಸ ತಾಮ್ರದ ಹಾಗೆ ಹೊಳೆಯುತ್ತಿತ್ತು. ಅದಕ್ಕೆ ಸೀಸ ತಾಗಿಸಿದೆ. ಬೆಳ್ಳಿ ಬಣ್ಣದ ಹನಿಯೊಂದು ಏಳೂ ಎಳೆಯೊಳಗೆ ಸರ್ರನೆ ಏರಿತು. ಬತ್ತಿ ಎಣ್ಣೆ ಕುಡಿಯುತ್ತದಲ್ಲ, ಹಾಗೆ. ಆ ಒಂದು ಕ್ಷಣಕ್ಕಾಗಿ ಇನ್ನೊಂದು ತಂತಿ ಕಡಿಯಲೂ ನಾನು ರೆಡಿ ಇದ್ದೆ.

ಬೋರ್ಡಿಗೆ ಬೆಸೆಯುವಾಗ ಅಷ್ಟು ಚೆಂದ ಆಗಲಿಲ್ಲ. ಹಿಡಿಯಲಿಲ್ಲ ಅಂತ ಐರನ್ ಜಾಸ್ತಿ ಹೊತ್ತು ಒತ್ತಿದೆ. ಹಳೇ ಬೋರ್ಡಿನ ಮೇಲಿನ ತಾಮ್ರದ ಗೆರೆ ಹಪ್ಪಳದ ಹಾಗೆ ಎದ್ದು ಬಂತು. ಅದಕ್ಕೊಂದು ತುಂಡು ವಯರು ಸೇತುವೆ ಹಾಕಿದೆ. ಆಮೇಲೆ ಡಯಲ್ ದಾರ ಜಾರಿತು. ಇದನ್ನು ಮಾಡಿದವರಿಗೆ ಮಾತ್ರ ಗೊತ್ತು. ಗುಂಡಿಯ ಕಡ್ಡಿಗೆ ಎರಡೂವರೆ ಸುತ್ತು, ಮೂರು ಗಾಲಿ ದಾಟಿ, ಮುಳ್ಳಿಗೆ ಸಿಕ್ಕಿಸಿ, ಕೊನೆಗೆ ಸ್ಪ್ರಿಂಗು. ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಬಿಡುತ್ತದೆ. ರಾತ್ರಿ ಹನ್ನೊಂದರವರೆಗೆ ಕೂತೆ. ಕೊನೆಗೆ ದಾರದ ಆ ತುದಿಯನ್ನು ಅಮ್ಮ ಹಿಡಿದುಕೊಂಡರು. ಹೂ ಕಟ್ಟಿದ ಕೈ. ಎರಡನೇ ಸಲಕ್ಕೇ ಕೂತಿತು. ಮಾರನೇ ದಿನ ನೋಡಿದರೆ ಸುತ್ತು ತಿರುವುಮುರುವಾಗಿದೆ, ಗುಂಡಿ ಬಲಕ್ಕೆ ತಿರುಗಿಸಿದರೆ ಮುಳ್ಳು ಎಡಕ್ಕೆ ಹೋಗುತ್ತದೆ. ಅದನ್ನು ಹಾಗೇ ಬಿಟ್ಟೆ. ಈಗಲೂ ಹಾಗೇ ಇದೆ.

ಸೆಲ್ಲು ಹಾಕಿ ಆನ್ ಮಾಡಿದೆ. ಸ್ಟೇಷನ್ ಬಂತು! ಒಂದೇ ಕ್ಷಣ. ಸೌಂಡು ಜಾಸ್ತಿ ಮಾಡಿದ ಕೂಡಲೇ ಪುಟಪುಟಪುಟ ಅಂತ ದೋಣಿಯ ಮೋಟರಿನ ಹಾಗೆ ಶುರುವಾಯಿತು. ಇದಕ್ಕೂ ಉತ್ತರ ಕಾಗದದ ಪೊಟ್ಟಣದಲ್ಲಿತ್ತು. ಕೆಪಾಸಿಟರ್ ಅಂದರೆ ಬಚ್ಚಲಿನ ಹಂಡೆ ಇದ್ದ ಹಾಗೆ. ಸ್ಪೀಕರು ಒಂದು ಚೊಂಬು ಜೋರಾಗಿ ಎಳೆದುಕೊಂಡರೂ ಉಳಿದವರಿಗೆ ನೀರು ಕಡಿಮೆ ಆಗದ ಹಾಗೆ ಅದು ನೋಡಿಕೊಳ್ಳುತ್ತದೆ. ವರ್ಷಗಟ್ಟಲೆ ಆದ ಮೇಲೆ ಅದರೊಳಗಿನ ರಸ ಒಣಗುತ್ತದೆ. ಆಗ ಸ್ಪೀಕರು ಎಳೆದಾಗಲೆಲ್ಲ ಇಡೀ ರೇಡಿಯೋ ತೂಕಡಿಸಿ, ಎದ್ದು, ಮತ್ತೆ ತೂಕಡಿಸುತ್ತದೆ. ಅದೇ ಪುಟಪುಟ. 100 ಮೈಕ್ರೋಫ್ಯಾರಡ್‌ನ ಹೊಸದನ್ನು, ಮೈನಸ್ ಗೆರೆ ಎರಡು ಸಲ ನೋಡಿಕೊಂಡು, ಬೆಸೆದೆ. ಪುಟಪುಟ ಮುಕ್ಕಾಲು ಪಾಲು ಹೋಯಿತು. ಪೂರ್ತಿ ಹೋಗಲಿಲ್ಲ.

ಅಷ್ಟು ಹೊತ್ತು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಪ್ಪ ಕೇಳಿದರು. "ಯಾವ ಸೆಲ್ಲು ಹಾಕಿದೀಯ?"

"ಟಾರ್ಚಿಂದು."

"ಅದು ಖಾಲಿಯಾಗಿ ನಿನ್ನೆಯಿಂದ ಬಿಸಿಲಿಗೆ ಇಟ್ಟಿದ್ದು ಮಾರಾಯ!"

ಹೊಸ ನಾಲ್ಕು ಸೆಲ್ಲು ಹಾಕಿದ ಮೇಲೆ ಪುಟಪುಟ ನಿಂತಿತು. ಆ ಸಮಯಕ್ಕೇ ಅಪ್ಪ ಇನ್ನೊಂದು ವಿಷಯ ಕೇಳಿದರು, ಮಾತ್ರೆ ಡಬ್ಬಿಯಲ್ಲಿ ಒಂದು ಯಾಕೆ ಕಡಿಮೆ ಅಂತ. ಎಣಿಸಿ ಇಡುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ.

ಅಂತೂ ರೇಡಿಯೋ ತಯಾರಾಯಿತು. ಮೂರು ಭಾನುವಾರ, ಹತ್ತು ರೂಪಾಯಿ, ಒಂದು ಮಾತ್ರೆ. ಒರೆಸಿ, ಹೆಮ್ಮೆಯಿಂದ ತಂದು ಜಗಲಿಯ ಕಿಟಕಿ ಕಟ್ಟೆಯ ಮೇಲೆ ಓರೆಯಾಗಿ ಇಟ್ಟೆ. ಮುಳ್ಳು 675ಕ್ಕೆ ತಂದೆ.

ಗರ್...

ಒಂದೇ ಸಮ. ಮೊದಲ ದಿನ ಅಪ್ಪ ತಂದು ತೋರಿಸಿದಾಗ ಹೇಗಿತ್ತೋ ಹಾಗೇ. ಅದರ ಅಡಿಯಲ್ಲೆಲ್ಲೋ ಯಾರೋ ಮಾತಾಡುತ್ತಿದ್ದಾರೆ, ಆದರೆ ಏನು ಅಂತ ಗೊತ್ತಾಗುವುದಿಲ್ಲ. ಹಿತ್ತಲಲ್ಲಿ ಸರಿಯಾಗಿ ಬಂದಿತ್ತಲ್ಲ ಅಂತ ಅನಿಸಿತು. ಬೆಸುಗೆ ಮತ್ತೆ ಬಿಟ್ಟಿರಬೇಕು ಅಂದುಕೊಂಡೆ. ಹಿತ್ತಲಲ್ಲಿ ಸರಿಯಾಗಿ ಬಂದು ಜಗಲಿಯಲ್ಲಿ ಯಾಕೆ ಬರುವುದಿಲ್ಲ ಅಂತ ಯೋಚಿಸುವ ಬದಲು, ಕೈ ಆಗಲೇ ಸ್ಕ್ರೂಡ್ರೈವರ್ ಹುಡುಕುತ್ತಿತ್ತು. ಬಣ್ಣದ ಸ್ಕ್ರೂಗಳ ನೆನಪೂ ಬಂತು ಅಂತ ಒಪ್ಪಿಕೊಳ್ಳಬೇಕು.

"ಸಾಕು ಬಿಡು" ಅಂದರು ಅಪ್ಪ. "ತಂಗಿ ಹೇಳ್ತಿದ್ಲು, ಮೊಬೈಲಲ್ಲೇ ಆಕಾಶವಾಣಿ ಬರ್ತದಂತೆ." ಬರುತ್ತದೆ. ಆ ಆ್ಯಪ್ ನಾನೇ ಅವರ ಫೋನಿಗೆ ಹಾಕಿಕೊಟ್ಟೆ. ಭದ್ರಾವತಿ ಗಾಜಿನ ಹಾಗೆ ಸ್ವಚ್ಛವಾಗಿ ಕೇಳಿಸಿತು. ಅಪ್ಪ ಎರಡು ದಿನ ಕೇಳಿದರು. ಮೂರನೇ ದಿನ ಫೋನು ಚಾರ್ಜಿಗಿತ್ತು, ಅವರು ಸುಮ್ನೆ ತೋಟಕ್ಕೆ ಹೋದರು. ರೇಡಿಯೋ ಮಾತ್ರ ಕಟ್ಟೆಯ ಮೇಲೆ ಓರೆಯಾಗಿಯೇ ಇತ್ತು. ಅಮ್ಮ ಅದನ್ನು ನೆಟ್ಟಗೆ ಮಾಡಲಿಲ್ಲ.

ಜುಲೈ ಮಧ್ಯದ ಒಂದು ಸಂಜೆ ಗಾಳಿ ಮಳೆ. ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ನನಗೆ ಕೆಲಸ ಮುಗಿಸುವ ಗಡಿಬಿಡಿ. ಯುಪಿಎಸ್ ಮೇಲೆ ರೂಟರು ಓಡುತ್ತಿತ್ತು, ಲ್ಯಾಪ್‌ಟಾಪು ತನ್ನ ಬ್ಯಾಟರಿಯಲ್ಲಿತ್ತು. ಅಪ್ಪ ಕತ್ತಲಲ್ಲಿ ಮಾಡಲು ಬೇರೆ ಕೆಲಸವಿಲ್ಲದೆ ರೇಡಿಯೋ ಹಾಕಿದರು. ಗರ್ ಅಂತಿತ್ತು. ಹಾಗೇ ಬಿಟ್ಟುಕೊಂಡು ಕೂತರು. ಅರ್ಧ ಗಂಟೆ ಆಗಿರಬೇಕು. ಯುಪಿಎಸ್ ಕೀಂಯ್ ಕೀಂಯ್ ಅನ್ನಲು ಶುರುಮಾಡಿತು. ನಾನು ಬೈದುಕೊಳ್ಳುತ್ತಾ ಕಡೇ ಮೇಲ್ ಕಳಿಸುತ್ತಿದ್ದೆ. ಕೀಂಯ್ ಅನ್ನುವುದು ಉದ್ದವಾಗಿ, ಟಕ್ ಅಂತ ನಿಂತಿತು. ರೂಟರಿನ ಹಸಿರು ದೀಪ ಆರಿತು.

ಗರ್ ಅನ್ನುವುದೂ ನಿಂತಿತು.

"...ರಾಶಿ, ಬೆಟ್ಟೆ, ಗೊರಬಲು..." ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ಧಾರಣೆ ಓದುತ್ತಿದ್ದ ಹೆಂಗಸಿನ ದನಿ ಜಗಲಿ ತುಂಬಾ ತುಂಬಿಕೊಂಡಿತು. ಮಳೆಯ ಸದ್ದಿನ ಮೇಲೂ ಒಂದೊಂದು ಅಂಕಿ ಬಿಡಿ ಬಿಡಿಯಾಗಿ ಕೇಳಿಸುತ್ತಿತ್ತು. ನಡುವೆ ಒಮ್ಮೆ ಟಪ್ ಅಂದಿತು, ಅದು ಸಿಡಿಲು.

ನಾನು ಕತ್ತಲಲ್ಲೇ ಕೂತು ಲೆಕ್ಕ ಹಾಕಿದೆ. ಯುಪಿಎಸ್ಸು, ರೂಟರಿನ ಅಡಾಪ್ಟರು, ಲ್ಯಾಪ್‌ಟಾಪಿನ ಚಾರ್ಜರು, ನಾನು ಬಂದ ಮೇಲೆ ಮೇಜಿಗೆ ಹಾಕಿದ ಎಲ್ಇಡಿ ಬಲ್ಬು. ಇವೆಲ್ಲ ಒಳಗೊಳಗೇ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಮಾಡುತ್ತಾ ಕೆಲಸ ಮಾಡುವಂಥವು. ಹಾಗೆ ಮಾಡುವಾಗ ಏಳುವ ಕಸ ಮೀಡಿಯಂ ವೇವ್ ಇರುವ ಜಾಗದಲ್ಲೇ ಚೆಲ್ಲುತ್ತದೆ. ಎಫ್ಎಂ ಆಗಿದ್ದರೆ ಇಷ್ಟು ತೊಂದರೆ ಆಗುತ್ತಿರಲಿಲ್ಲ. ಮೀಡಿಯಂ ವೇವ್‌ನಲ್ಲಿ ದನಿ ಇರುವುದೇ ಅಲೆಯ ಏರಿಳಿತದಲ್ಲಿ, ಕಸವೂ ಏರಿಳಿತವೇ. ರೇಡಿಯೋಗೆ ಯಾವುದು ಅಡಿಕೆ ಧಾರಣೆ, ಯಾವುದು ನನ್ನ ಚಾರ್ಜರು ಅಂತ ಗೊತ್ತಾಗುವುದಿಲ್ಲ. ಇವೆಲ್ಲವನ್ನೂ ತಂದು ಅಪ್ಪನ ಕಿಟಕಿಯಿಂದ ಎರಡು ಮೊಳ ದೂರದಲ್ಲಿ ಜೋಡಿಸಿದವನು ನಾನು. ರೇಡಿಯೋ ಕೆಟ್ಟಿದ್ದು ನಾನು ಊರಿಗೆ ಬಂದ ಮೂರನೇ ವಾರಕ್ಕೆ.

"ಅಪ್ಪಾ" ಅಂದೆ. "ಅದು ರೇಡಿಯೋದ ತೊಂದರೆ ಅಲ್ಲ. ನಂದು."

"ಶ್" ಅಂದರು ಅಪ್ಪ. "ಸರಕಿನ ರೇಟು ಹೇಳ್ತಾ ಇದಾರೆ."